ಡಿಪೋಗೆ ಬಾರದ ಮತಪೆಟ್ಟಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಊರುಗಳ ಬಸ್ ಡಿಪೋಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಜಯಪುರ ವಿಭಾಗಕ್ಕೆ ಸೇರಿವೆ. ಕಂದಾಯದ ಲೆಕ್ಕದಲ್ಲಿ ವಿಜಯಪುರ ಜಿಲ್ಲೆ ಬೆಳಗಾವಿ ವಿಭಾಗದ್ದು, ಸಂವಿಧಾನದ 371(ಜೆ) ವಿಧಿಯ ಸವಲತ್ತಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಬಸ್ಸಿನ ಲೆಕ್ಕದಲ್ಲಿ ಮಾತ್ರ ಕಲಬುರಗಿಯ ಕೇಂದ್ರ ಕಚೇರಿಗೆ ಉತ್ತರ ಹೇಳಬೇಕು. ಇನ್ನು ಇಲ್ಲಿನ ಚಾಲಕ, ನಿರ್ವಾಹಕ, ಮೆಕ್ಯಾನಿಕ್‌ಗಳ ಸಂಬಳ ತೀರ್ಮಾನವಾಗುವುದು ಕಲಬುರಗಿಯಲ್ಲೂ ಅಲ್ಲ, ಬೆಂಗಳೂರಿನಲ್ಲಿ. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಒಂದು ಲಕ್ಷಕ್ಕೂ ಹೆಚ್ಚು ನೌಕರರ ಪರವಾಗಿ ಕೆಲವು ಸಂಘಗಳ ಮುಖಂಡರು ಸರ್ಕಾರದ ಎದುರು ಕೂತಾಗ. ಈ ತಾಲ್ಲೂಕುಗಳ ಜನ ಗ್ರಾಮ ಪಂಚಾಯಿತಿಗೆ ಮತ ಹಾಕುತ್ತಾರೆ, ಊರಿನ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಆಡಳಿತ ಮಂಡಳಿಗೆ ಹಾಕುತ್ತಾರೆ, ಕಬ್ಬು ಬೆಳೆಯುವವರು ಸಹಕಾರಿ ಸಕ್ಕರೆ ಕಾರ್ಖಾನೆಯ ನಿರ್ದೇಶಕರನ್ನು ಆರಿಸುತ್ತಾರೆ. ಆದರೆ ಅದೇ ಊರಿನಿಂದ ನಸುಕಿನ ಬಸ್ ಹೊರಡಿಸುವ ನೌಕರನಿಗೆ, ನಿನ್ನ ಸಂಬಳದ ಬಗ್ಗೆ ಯಾರು ಮಾತಾಡಬೇಕು ಎಂಬ ಪ್ರಶ್ನೆಯನ್ನು ದಶಕಗಳಿಂದ ಯಾರೂ ಮತಪತ್ರದ ಮೇಲೆ ಬರೆದು ಕೇಳಿಲ್ಲ.

ನಮ್ಮನ್ನು ಕೇಳದೆ ನಮ್ಮ ಹೆಸರಿನಲ್ಲಿ ಸಂಘವೊಂದು ಸಹಿ ಹಾಕುತ್ತದೆ ಎಂಬ ಸಿಟ್ಟು ಸಾರಿಗೆ ನೌಕರರಲ್ಲಿ ಬಹಳ ಕಾಲದಿಂದ ಇದೆ. ಈ ಸಿಟ್ಟು ನ್ಯಾಯವಾದದ್ದು ಎಂಬುದೇ ನನ್ನ ವಾದ. ಆದರೆ ಇದನ್ನು ಸಂಘಗಳ ವಿರುದ್ಧದ ಸಿಟ್ಟೆಂದು ಓದಿದವರು ತಪ್ಪಾಗಿ ಓದಿದ್ದಾರೆ. ಸಂಘ ಬೇಡ ಎನ್ನುವವರು ಇಲ್ಲಿ ಕಡಿಮೆ. ಸಂಘವನ್ನು ನಾವು ಆರಿಸಬೇಕು ಎನ್ನುವವರೇ ಹೆಚ್ಚು.

ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಭಾರತದಲ್ಲಿ ಯಾರನ್ನೂ ಕಾರ್ಮಿಕ ಸಂಘದ ಸದಸ್ಯನಾಗೆಂದು ಕಾನೂನು ಬಲವಂತ ಮಾಡುವುದಿಲ್ಲ. ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕನ್ನು ಕೊಟ್ಟಿದೆ. ಸರ್ಕಾರ ಮಾನ್ಯತೆ ಕೊಟ್ಟ ಸಂಘದಲ್ಲಿ ಮಾತ್ರ ನೌಕರ ಇರಬೇಕು ಎಂಬ ಕೇಂದ್ರ ಸರ್ಕಾರದ ನಡತೆ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಓ.ಕೆ. ಘೋಷ್ ಪ್ರಕರಣದಲ್ಲಿ ಹೊಡೆದುಹಾಕಿತು. ಇಷ್ಟು ಓದಿದರೆ ನೌಕರ ಪೂರ್ಣ ಸ್ವತಂತ್ರ ಎನಿಸುತ್ತದೆ. ಆದರೆ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 18(3)ನೇ ಕಲಮನ್ನು ಪಕ್ಕದಲ್ಲಿಟ್ಟು ನೋಡಿ. ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಯ ಮುಂದೆ ಆದ ಒಪ್ಪಂದ ಸಹಿ ಹಾಕಿದ ಸಂಘದ ಸದಸ್ಯರಿಗಷ್ಟೇ ಅಲ್ಲ, ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ, ಮುಂದೆ ಕೆಲಸಕ್ಕೆ ಸೇರುವವರಿಗೂ ಅನ್ವಯಿಸುತ್ತದೆ ಎನ್ನುತ್ತಿತ್ತು ಅದು. ಸದಸ್ಯತ್ವ ಐಚ್ಛಿಕ, ಒಪ್ಪಂದ ಕಡ್ಡಾಯ. ಇಂಡಿಯ ನಿರ್ವಾಹಕನೊಬ್ಬ ಯಾವ ಸಂಘಕ್ಕೂ ಚಂದಾ ಕೊಡದೆ ಇರಬಹುದು, ಬೇರೆ ಸಂಘದಲ್ಲಿರಬಹುದು. ನಾಲ್ಕು ವರ್ಷ ಅವನ ಮೂಲ ವೇತನ ಎಷ್ಟೆಂಬುದನ್ನು ಮಾತ್ರ ಅವನು ಆರಿಸದ ಕೈಯೊಂದು ಬರೆದಿರುತ್ತದೆ. ಕಡ್ಡಾಯ ಒಪ್ಪಂದ ಇರಲೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಒಂದೇ ಬಸ್ಸಿನಲ್ಲಿ ದುಡಿಯುವ ಇಬ್ಬರಿಗೆ ಎರಡು ಬಗೆಯ ಸಂಬಳ ಇಡಲಾಗದು. ಆದರೆ ಎಲ್ಲರನ್ನೂ ಕಟ್ಟಿಹಾಕುವ ಅಧಿಕಾರ ಬೇಕಾದರೆ ಎಲ್ಲರನ್ನೂ ಕೇಳಿರಬೇಕು. ತೆರಿಗೆ ಹಾಕುವ ಪಂಚಾಯಿತಿಗೆ ಊರವರ ಮತ ಬೇಕಾದ ಹಾಗೆಯೇ ಇದೂ.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಾರಿಗೆ ನಿಗಮಗಳ ಕಳೆದ ಹತ್ತು ವರ್ಷಗಳೇ ಸಾಕ್ಷಿ. 2016ರ ಜುಲೈ 25ರಂದು ಶುರುವಾದ ಮುಷ್ಕರ ಮೂರು ದಿನದಲ್ಲಿ ಮುಗಿಯಿತು. ಶೇ 35ರಷ್ಟು ಹೆಚ್ಚಳ ಕೇಳಿದ್ದ ಸಂಘಗಳು ಶೇ 12.5ಕ್ಕೆ ಒಪ್ಪಿದವು. ಆ ಮೊತ್ತ ಸರಿಯೋ ತಪ್ಪೋ, ಮಾತುಕತೆಯಲ್ಲಿ ಇಳಿಯುವುದು ಸಹಜ. ಆದರೆ ಎಷ್ಟಕ್ಕೆ ಇಳಿಯಬಹುದು ಎಂದು ನೌಕರರನ್ನು ಕೇಳುವ ದಾರಿಯೂ, ಇಳಿದವರನ್ನು ಆಮೇಲೆ ಬದಲಾಯಿಸುವ ದಾರಿಯೂ ಇರಲಿಲ್ಲ. ಮುಂದಿನ ಪರಿಷ್ಕರಣೆ 2020ರ ಜನವರಿಗೆ ಬರಬೇಕಿತ್ತು, ಬರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ನಾಲ್ಕು ದಿನ ಬಸ್ಸುಗಳು ನಿಂತಾಗ ಮುಂದೆ ನಿಂತವರು ಎಐಟಿಯುಸಿಗೆ ಸೇರಿದ ಹಳೆಯ ನೌಕರ ಫೆಡರೇಷನ್‌ನವರಲ್ಲ. ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್ ಗೌರವಾಧ್ಯಕ್ಷರಾಗಿದ್ದ ಸಾರಿಗೆ ನೌಕರರ ಕೂಟದವರು. ನಮಗೆ ನಾಲ್ಕು ವರ್ಷಕ್ಕೊಮ್ಮೆಯ ಒಪ್ಪಂದವೇ ಬೇಡ, ಸರ್ಕಾರಿ ನೌಕರರ ಹಾಗೆ ವೇತನ ಆಯೋಗದ ಸಂಬಳ ಕೊಡಿ ಎಂಬುದು ಅವರ ಕೂಗಾಗಿತ್ತು. 2021ರ ಏಪ್ರಿಲ್ 7ರಿಂದ 21ರವರೆಗೆ ಮತ್ತೆ ಮುಷ್ಕರ ನಡೆದು ಅಮಾನತು, ವಜಾ, ವರ್ಗಾವಣೆಗಳ ಸರಮಾಲೆಯೇ ಬಂತು.

ಆ ಎರಡು ವಾರ ಸರ್ಕಾರ ಮತ್ತೆ ಮತ್ತೆ ಹೇಳಿದ್ದು, ಕೋಡಿಹಳ್ಳಿಯವರು ಸಾರಿಗೆ ನೌಕರರಲ್ಲ, ಅವರೊಡನೆ ಏನು ಮಾತು ಎಂದು. ಕಾನೂನಿನ ಪ್ರಕಾರ ಇದು ಅಷ್ಟು ಗಟ್ಟಿ ವಾದವಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯೇ ಹೊರಗಿನವರಿಗೆ ಪದಾಧಿಕಾರಿಗಳಾಗಲು ಮಿತಿಯೊಳಗೆ ಅವಕಾಶ ಕೊಟ್ಟಿತ್ತು. ಆದರೂ ಸರ್ಕಾರ ಹಾಗೆ ಹೇಳಲು ಸಾಧ್ಯವಾದದ್ದು, ಕೂಟದ ಬಳಿ ತೋರಿಸಲು ಮತಗಳ ಲೆಕ್ಕ ಇರಲಿಲ್ಲವಾದ್ದರಿಂದ. ಹಳೆಯ ಫೆಡರೇಷನ್ ಬಳಿಯೂ ಇರಲಿಲ್ಲ. ಯಾರ ಹಿಂದೆ ಎಷ್ಟು ಜನ ಎಂದು ಗೊತ್ತಾಗುವ ಒಂದೇ ಅಳತೆಗೋಲು, ನಿಂತ ಬಸ್ಸುಗಳ ಎಣಿಕೆಯಾಯಿತು. ಅದು ಕ್ರೂರವಾದ ಅಳತೆ. ಮುಷ್ಕರ ಒಪ್ಪದವನು ತನ್ನ ಅಭಿಪ್ರಾಯವನ್ನು ಗುಟ್ಟಾಗಿ ಚೀಟಿಯಲ್ಲಿ ಬರೆಯಲಾಗದೆ, ಬಸ್ ಓಡಿಸಿ ಊರೆಲ್ಲರಿಗೆ ಕಾಣುವಂತೆ ತೋರಿಸಬೇಕಾಯಿತು. ಆ ಏಪ್ರಿಲ್‌ನಲ್ಲೇ ಜಮಖಂಡಿ ತಾಲ್ಲೂಕಿನಲ್ಲಿ ಕರ್ತವ್ಯದ ಮೇಲಿದ್ದ ಚಾಲಕರೊಬ್ಬರು ಬಸ್ಸಿಗೆ ಬಿದ್ದ ಕಲ್ಲಿನ ಏಟಿಗೆ ಪ್ರಾಣ ಕಳೆದುಕೊಂಡರು. ಅದಕ್ಕೆ ಮತದಾನ ಇಲ್ಲದ್ದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಭಿನ್ನಮತ ತೋರಿಸಲು ರಸ್ತೆ ಬಿಟ್ಟು ಬೇರೆ ಜಾಗವೇ ಇಲ್ಲದ ವ್ಯವಸ್ಥೆ ಅಪಾಯದ್ದು ಎಂದು ಮಾತ್ರ ಹೇಳುತ್ತೇನೆ.

ಮುಂದೆ ಆದದ್ದು ಇನ್ನೂ ಗಮನಿಸಬೇಕಾದದ್ದು. 2023ರ ಮಾರ್ಚ್‌ನಲ್ಲಿ ಸರ್ಕಾರ ಶೇ 15ರಷ್ಟು ಹೆಚ್ಚಳವನ್ನು ಆದೇಶದ ಮೂಲಕ ಕೊಟ್ಟಿತು. ಶೇ 25 ಕೇಳುತ್ತಿದ್ದ ಸಂಘಗಳ ಸಹಿ ಅದಕ್ಕೆ ಬೇಕಾಗಲೇ ಇಲ್ಲ. 2020ರ ಜನವರಿಯಿಂದ ಲೆಕ್ಕ ಹಾಕಿದರೆ 38 ತಿಂಗಳ ಹಿಂಬಾಕಿ ಉಳಿಯಿತು. ಆ ಹಿಂಬಾಕಿಗಾಗಿ ಮತ್ತು 2024ರ ಜನವರಿಯಿಂದ ಆಗಬೇಕಿದ್ದ ಹೊಸ ಪರಿಷ್ಕರಣೆಗಾಗಿ 2025ರ ಆಗಸ್ಟ್ 5ರಂದು ಮತ್ತೆ ಮುಷ್ಕರ ಶುರುವಾಗಿ, ಹೈಕೋರ್ಟ್ ಆದೇಶದಿಂದ ಅಂದೇ ನಿಂತಿತು. ನೌಕರರ ಪರ ಮಾತಾಡುವವರು ಎರಡು ಮೂರು ಬಣಗಳಾಗಿ, ಯಾರ ಬಲವೂ ಲೆಕ್ಕಕ್ಕೆ ಸಿಗದಿದ್ದಾಗ, ಮಾತುಕತೆಯೇ ಬೇಡವೆಂದು ಆದೇಶ ಹೊರಡಿಸುವುದು ಸರ್ಕಾರಕ್ಕೆ ಸುಲಭ. ಮತದಾನ ಇಲ್ಲದ್ದರಿಂದ ಹಳೆಯ ಸಂಘಗಳಿಗೆ ಲಾಭವಾಯಿತೆಂದು ಅನೇಕರು ತಿಳಿದಿದ್ದಾರೆ. ಲಾಭವಾದದ್ದು ಆಡಳಿತಕ್ಕೆ.

ಗಡಿಯಾಚೆ ನೋಡಿದರೂ ಇದೇ ಕಥೆ. ಇಂಡಿಗೂ ವಿಜಯಪುರಕ್ಕೂ ಬಸ್ ಕಳಿಸುವ ಸೊಲ್ಲಾಪುರದ ಎಸ್‌ಟಿ (ರಾಜ್ಯ ಸಾರಿಗೆ) ನೌಕರರು 2021ರ ಕೊನೆಯಲ್ಲಿ ತಮ್ಮ ಸಂಘದ ಮಾತು ಮೀರಿದರು. ಮಾನ್ಯತೆ ಪಡೆದ ಸಂಘ ರಾಜಿಗೆ ಒಪ್ಪಿದ ಮೇಲೂ ಮಹಾರಾಷ್ಟ್ರದ ಎಸ್‌ಟಿ ನೌಕರರು ಕೆಲಸಕ್ಕೆ ಮರಳದೆ, ನಿಗಮವನ್ನು ಸರ್ಕಾರದಲ್ಲಿ ವಿಲೀನ ಮಾಡಿ ಎಂದು 2022ರ ಏಪ್ರಿಲ್‌ವರೆಗೆ ಹಟ ಹಿಡಿದರು. ಆ ರಾಜ್ಯದಲ್ಲಿ ಇದಕ್ಕೆ ಹಳೆಯ ಬೇರು ಇದೆ. ವಿಜಯಪುರ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1946ರಲ್ಲಿ, ಆ ಪ್ರಾಂತ್ಯ ಮಾಡಿದ ಕೈಗಾರಿಕಾ ಸಂಬಂಧಗಳ ಕಾಯ್ದೆ ನಿಗದಿತ ಪ್ರಮಾಣದ ಸದಸ್ಯತ್ವ ತೋರಿಸಿದ ಸಂಘವನ್ನು ಇಡೀ ಉದ್ಯಮದ ಪ್ರತಿನಿಧಿಯೆಂದು ಕೂರಿಸಿತು. ಮುಂಬಯಿ ಬಟ್ಟೆ ಗಿರಣಿಗಳಲ್ಲಿ ಆ ಸ್ಥಾನ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ್ದು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಡಾ. ದತ್ತಾ ಸಾಮಂತರ ಹಿಂದೆ ಹೊರಟಾಗ, ಕಾನೂನಿನ ಕಣ್ಣಿಗೆ ಅವರ ಪ್ರತಿನಿಧಿ ಇನ್ನೂ ಅವರು ಬಿಟ್ಟುಬಂದ ಸಂಘವೇ ಆಗಿತ್ತು. ಆ ಸಂಘದ ಕಾನೂನು ಸ್ಥಾನವನ್ನು ತೆಗೆಯಬೇಕೆಂಬುದು ಮುಷ್ಕರದ ದೊಡ್ಡ ಬೇಡಿಕೆಗಳಲ್ಲೊಂದಾಗಿತ್ತು. ಕಾರ್ಮಿಕರು ನಂಬಿದವರೊಡನೆ ಮಾತಾಡಲು ಯಾರೂ ಬಾಧ್ಯರಾಗಲಿಲ್ಲ, ಮಾತಾಡಲು ಅಧಿಕಾರ ಇದ್ದವರನ್ನು ಕಾರ್ಮಿಕರು ನಂಬಲಿಲ್ಲ. ಆ ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ. ಸಾವಿರಾರು ಮನೆಗಳು ಮುಗಿದವು.

ಸದಸ್ಯತ್ವದ ಲೆಕ್ಕ ಇದೆಯಲ್ಲ, ಮತದಾನ ಏಕೆ ಎಂದು ಕೇಳುವವರಿದ್ದಾರೆ. 1958ರಲ್ಲಿ ನೈನಿತಾಲ್‌ನ ಭಾರತೀಯ ಕಾರ್ಮಿಕ ಸಮ್ಮೇಳನ ಒಪ್ಪಿದ ಶಿಸ್ತು ಸಂಹಿತೆಯ ಕಾಲದಿಂದ ನಡೆದು ಬಂದ ಪದ್ಧತಿ ಅದು: ರಶೀದಿ ಪುಸ್ತಕ ನೋಡಿ, ಸಂಬಳದಲ್ಲಿ ಕಡಿತವಾಗುವ ಚಂದಾ ಎಣಿಸಿ, ದೊಡ್ಡ ಸಂಘ ಯಾವುದೆಂದು ಹೇಳುವುದು. ಆದರೆ ಚಂದಾ ಕಡಿತದ ಪತ್ರ ಹೋಗುವುದು ಆಡಳಿತದ ಕೈಗೆ. ಡಿಪೋದಲ್ಲಿ ಯಾರಿಗೆ ಯಾವ ಶೆಡ್ಯೂಲ್, ಯಾರಿಗೆ ನೈಟ್ ಹಾಲ್ಟ್, ಯಾರಿಗೆ ಹಬ್ಬದ ರಜೆ ಎಂದು ತೀರ್ಮಾನಿಸುವುದೂ ಅದೇ ಆಡಳಿತ. ಅಲ್ಲಿ ಮಾತು ನಡೆಯುವ ಸಂಘದಲ್ಲಿ ಹೆಸರಿದ್ದರೆ ಕೆಲಸ ಸಲೀಸು ಎಂದು ಕಂಡ ನೌಕರ ಚಂದಾ ಕೊಟ್ಟರೆ, ಅದು ರಕ್ಷಣೆಗೆ ಕೊಟ್ಟ ಹಣ. ನಂಬಿಕೆಯ ಗುರುತೆಂದು ಅದನ್ನು ಎಣಿಸಲಾಗದು. 1995ರಲ್ಲಿ ಭಾರತೀಯ ಆಹಾರ ನಿಗಮದ ನೌಕರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಂದಾ ಎಣಿಕೆಯ ಬದಲು ಗುಪ್ತ ಮತದಾನದಿಂದ ಸಂಘದ ಪ್ರಾತಿನಿಧ್ಯ ಅಳೆಯುವುದು ಹೇಗೆಂದು ಮತದಾರರ ಪಟ್ಟಿಯಿಂದ ಎಣಿಕೆಯವರೆಗೆ ವಿವರವಾಗಿ ಬರೆದುಕೊಟ್ಟಿದೆ. ದಾರಿ ಹೊಸದಾಗಿ ಹುಡುಕಬೇಕಿಲ್ಲ.

ಇನ್ನೊಂದು ಆಕ್ಷೇಪ ತೂಕದ್ದು. ಚುನಾವಣೆ ಬಂದರೆ ಡಿಪೋ ಒಡೆಯುತ್ತದೆ, ಜಾತಿ ಬರುತ್ತದೆ, ಹಣ ಬರುತ್ತದೆ, ಪಕ್ಷಗಳು ಕೈ ಹಾಕುತ್ತವೆ ಎಂಬುದು. ನಮ್ಮ ಜಿಲ್ಲೆಯ ಸಹಕಾರಿ ಚುನಾವಣೆಗಳನ್ನು ಕಂಡವರು ಈ ಭಯವನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಉತ್ತರ ದೂರವಿಲ್ಲ. ಗದಗ-ಹೋಟಗಿ ರೈಲು ಮಾರ್ಗದಲ್ಲಿ ಬಸವನ ಬಾಗೇವಾಡಿ ರೋಡ್, ಇಂಡಿ ರೋಡ್ ನಿಲ್ದಾಣಗಳಿವೆ. ಅಲ್ಲಿ ಹಳಿ ಕಾಯುವ ರೈಲ್ವೆ ನೌಕರರು 2007, 2013 ಮತ್ತು 2024ರಲ್ಲಿ ತಮ್ಮ ಸಂಘದ ಮಾನ್ಯತೆಗಾಗಿ ದೇಶದ ಉಳಿದ ರೈಲ್ವೆ ನೌಕರರೊಂದಿಗೆ ಗುಪ್ತ ಮತದಾನದ ಹಕ್ಕು ಪಡೆದರು. 2013ರ ನಂತರದ ಮತದಾನಕ್ಕೆ ಹನ್ನೊಂದು ವರ್ಷ ಹಿಡಿದದ್ದು ಸರಿಯಲ್ಲ. ಆದರೂ ಆ ಮೂರು ಮತದಾನಗಳಿಂದ ರೈಲು ನಿಲ್ಲಲಿಲ್ಲ. ಬಸ್ಸಿನ ಉದಾಹರಣೆಯೇ ಬೇಕೆಂದರೆ ಕೇರಳವಿದೆ. ಕಾಸರಗೋಡಿನ ಕನ್ನಡಿಗರು ಹತ್ತುವ ಅಲ್ಲಿನ ಕೆಎಸ್‌ಆರ್‌ಟಿಸಿಯಲ್ಲಿ 2020ರ ಡಿಸೆಂಬರ್ ಕೊನೆಗೆ ಮತದಾನ ನಡೆದು, ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್ ನಂಟಿನ ಮೂರು ಸಂಘಗಳು ಮಾನ್ಯತೆ ಗಳಿಸಿದವು. ಪಕ್ಷಗಳ ನೆರಳು ಅಲ್ಲೂ ಇದೆ, ಇಲ್ಲಿಗಿಂತ ಹೆಚ್ಚೇ ಇದೆ. ಯಾರಿಗೆ ಎಷ್ಟು ಬೆಂಬಲ ಎಂಬ ಜಗಳಕ್ಕೆ ಮಾತ್ರ ಅಲ್ಲಿ ಒಂದು ದಿನಾಂಕವಿದೆ, ಒಂದು ಫಲಿತಾಂಶವಿದೆ.

ಯಾವ ಸಂಘವೂ ಬೇಡ ಎನ್ನುವ ನೌಕರನ ಗತಿ? ಅವನನ್ನೂ ಗೌರವಿಸಬೇಕು. ಬ್ರಿಟಿಷ್ ರೈಲು 1975ರಲ್ಲಿ ಸಂಘಗಳೊಡನೆ ಸದಸ್ಯತ್ವ ಕಡ್ಡಾಯದ ಒಪ್ಪಂದ ಮಾಡಿಕೊಂಡು, ಸೇರಲು ಒಪ್ಪದ ಮೂವರು ನೌಕರರನ್ನು ಕೆಲಸದಿಂದ ತೆಗೆಯಿತು. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ 1981ರಲ್ಲಿ ಇದು ಹಕ್ಕಿನ ಉಲ್ಲಂಘನೆ ಎಂದಿತು. ಒಪ್ಪುವ ಮಾತು. ಆದರೆ ಸೇರದಿರುವ ಹಕ್ಕು ಬೇರೆ, ಒಪ್ಪಂದದ ಫಲವಷ್ಟೇ ಬೇಕು ಹೊಣೆ ಬೇಡ ಎನ್ನುವುದು ಬೇರೆ. ಸಂಘದ ಕಡೆಯವರು ಇದನ್ನು ಎತ್ತಿದಾಗ ಅವರ ಮಾತಿನಲ್ಲಿ ಸತ್ಯವಿದೆ: ಚಂದಾ ಕೊಡದವನಿಗೂ ಹೆಚ್ಚಳ ಸಿಗುತ್ತದೆ, ಕೋರ್ಟಿನ ಖರ್ಚು ಕೊಟ್ಟವನ ತಲೆಗೆ. ಇದಕ್ಕೂ ಮತದಾನವೇ ಮದ್ದು. ಸದಸ್ಯನಾಗಲಿ ಬಿಡಲಿ, ಮತ ಹಾಕಿದವನು ಫಲಿತಾಂಶದಲ್ಲಿ ಪಾಲುದಾರ. ತಾನು ಸೋತ ಕಡೆಯವನಾದರೂ ಗೆದ್ದ ಸಂಘ ಮಾಡಿದ ಒಪ್ಪಂದವನ್ನು ತನ್ನದಲ್ಲ ಎನ್ನಲಾರ.

2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಹಾಜರಿ ಪಟ್ಟಿಯ ಶೇ 51 ಅಥವಾ ಹೆಚ್ಚು ಕಾರ್ಮಿಕರ ಬೆಂಬಲ ಇರುವ ಸಂಘವೇ ಏಕೈಕ ಮಾತುಕತೆ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20ಕ್ಕೆ ಕಡಿಮೆಯಿಲ್ಲದ ಬೆಂಬಲ ಇರುವ ಸಂಘಗಳ ಮಂಡಳಿ. ಇದು ಮುಂದಿಟ್ಟ ಹೆಜ್ಜೆ, ಏಕೆಂದರೆ ಮಾನ್ಯತೆಗೆ ಈಗ ಒಂದು ಅಂಕಿ ಇದೆ. ಆದರೆ ಸಂಸ್ಥೆಯಲ್ಲಿ ಒಂದೇ ಸಂಘವಿದ್ದರೆ ನಿಯಮದ ಷರತ್ತಿಗೊಳಪಟ್ಟು ಅದನ್ನೇ ಒಪ್ಪಬೇಕು ಎಂದೂ ಅದು ಹೇಳುತ್ತದೆ. ಬೆಂಬಲ ಅಳೆಯುವ ಬಗೆಯನ್ನು ನಿಯಮಗಳಿಗೆ ಬಿಟ್ಟಿದೆ. ರಾಜ್ಯದ ನಿಗಮಗಳ ಮಟ್ಟಿಗೆ ಆ ನಿಯಮದಲ್ಲಿ ಗುಪ್ತ ಮತದಾನ ಎಂಬ ಎರಡು ಪದ ಇರಲೇಬೇಕು. ಇಲ್ಲವಾದರೆ ರಶೀದಿ ಪುಸ್ತಕವೇ ಮತ್ತೆ ಗೆಲ್ಲುತ್ತದೆ. ಮತದಾನ ನಿಗಮವಾರು ನಡೆಯಬೇಕು. ನಾಲ್ಕೂ ನಿಗಮಗಳನ್ನು ಕಲಸಿದರೆ ಬೆಂಗಳೂರಿನ ಸಂಖ್ಯೆಯ ಎದುರು ಸಿಂದಗಿಯ ದನಿ ಕೇಳದು. ನೈಟ್ ಹಾಲ್ಟ್‌ಗೆ ಹೋದ ಸಿಬ್ಬಂದಿಗೆ ತಪ್ಪದಂತೆ ಎರಡು ದಿನ ಮತಗಟ್ಟೆ ತೆರೆದಿರಬೇಕು. ಮತಗಟ್ಟೆಯ ಅಧಿಕಾರಿ ಕಾರ್ಮಿಕ ಇಲಾಖೆಯವರಾಗಿರಬೇಕು, ಡಿಪೋ ಮ್ಯಾನೇಜರ್ ಅಲ್ಲ. ವಿಭಾಗದ ಎಲ್ಲ ಡಿಪೋಗಳ ಚೀಟಿಗಳನ್ನು ವಿಜಯಪುರದಲ್ಲಿ ಒಟ್ಟಿಗೆ ಬೆರೆಸಿದ ಮೇಲೆಯೇ ಎಣಿಸಬೇಕು, ಮುದ್ದೇಬಿಹಾಳದವರು ಯಾರ ಕಡೆ ಎಂಬುದು ಶೆಡ್ಯೂಲ್ ಬರೆಯುವ ಯಾರಿಗೂ ಗೊತ್ತಾಗದಂತೆ.