ಎರಡೂ ಕಡೆ ಕತ್ತಲಾಗಬೇಕು

ಫೆಬ್ರುವರಿ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸಂಜೆ 6.25ರ ಸುಮಾರಿಗೆ. ದಕ್ಷಿಣ ಪೆಸಿಫಿಕ್ ಸಾಗರದ ಡೂಸಿ ದ್ವೀಪದಲ್ಲಿ ಅದೇ ಸೂರ್ಯ ಹುಟ್ಟುವಾಗ ಬೆಂಗಳೂರಿನ ಗಡಿಯಾರದಲ್ಲಿ 7.35. ನಡುವಿನ ಎಪ್ಪತ್ತು ನಿಮಿಷ ಮಾತ್ರ ಎರಡೂ ಕಡೆ ಒಟ್ಟಿಗೆ ಕತ್ತಲು. 160 ಮೀಟರ್ ಅಲೆಯುದ್ದದ ರೇಡಿಯೊ ಬ್ಯಾಂಡಿನಲ್ಲಿ ಡೂಸಿಯ ಮೋರ್ಸ್ ಸಂಕೇತ ಬೆಂಗಳೂರಿನ ಹ್ಯಾಮ್ ಒಬ್ಬರ ಕಿವಿಗೆ ಬೀಳಬೇಕಾದರೆ, ಸುಮಾರು 17 ಸಾವಿರ ಕಿಲೋಮೀಟರ್ ದಾಟಿ, ಮನೆಮನೆಯಲ್ಲಿ ದೀಪ ಹಚ್ಚುವ ಈ ಹೊತ್ತಿನಲ್ಲೇ ಬರಬೇಕು.

ಹ್ಯಾಮ್‌ಗಳೆಂದರೆ ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ಸ್ವಂತ ಕಾಲ್‌ಸೈನ್ (ಗುರುತಿನ ಸಂಕೇತ) ಇಟ್ಟುಕೊಂಡು ರೇಡಿಯೊ ಪ್ರಸಾರ ಮಾಡುವ ಹವ್ಯಾಸಿಗಳು. ಅವರಲ್ಲಿ ಕೆಲವರು ಹ್ಯಾಮ್‌ಗಳೇ ಇಲ್ಲದ ದೂರದ ನೆಲಕ್ಕೆ ಹೋಗಿ, ಗುಡಾರ ಹೂಡಿ, ಕೆಲವು ದಿನ ಅಲ್ಲಿಂದ ಜಗತ್ತಿನೊಡನೆ ಸಂಪರ್ಕ ಸಾಧಿಸುತ್ತಾರೆ. ಇದಕ್ಕೆ ‘ಡಿಎಕ್ಸ್‌ಪೆಡಿಷನ್’ ಎಂದು ಹೆಸರು. ಅಮೆರಿಕದ ಎಆರ್‌ಆರ್‌ಎಲ್ ಸಂಸ್ಥೆ ನಡೆಸುವ ಡಿಎಕ್ಸ್‌ಸಿಸಿ ಪಟ್ಟಿಯಲ್ಲಿ ಸುಮಾರು 340 ‘ದೇಶ’ಗಳಿವೆ. ಹ್ಯಾಮ್‌ಗಳ ಲೆಕ್ಕದಲ್ಲಿ ಅಂಡಮಾನ್ ಒಂದು ದೇಶ, ಲಕ್ಷದ್ವೀಪ ಇನ್ನೊಂದು. ಡೂಸಿಗೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2001ರಲ್ಲಿ.

ಇಂಥ ಯಾನಗಳಲ್ಲಿ ಅತಿ ಕಠಿಣವಾದ ಭಾಗ ‘ಲೋ ಬ್ಯಾಂಡ್’, ಅಂದರೆ 160, 80 ಮತ್ತು 40 ಮೀಟರ್ ಬ್ಯಾಂಡುಗಳು. ಹಗಲಲ್ಲಿ ಪತ್ತೆಯೇ ಇಲ್ಲದ ದೂರದ ಮೀಡಿಯಂ ವೇವ್ ಕೇಂದ್ರಗಳು ರಾತ್ರಿ ಹಳೆಯ ರೇಡಿಯೊದಲ್ಲಿ ಕೇಳಿಸುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ಇಲ್ಲಿಯೂ ಅದೇ ಕಾರಣ. ನೆಲದಿಂದ ಅರವತ್ತು-ತೊಂಬತ್ತು ಕಿಲೋಮೀಟರ್ ಮೇಲೆ ಬಿಸಿಲಿಗೆ ಹುಟ್ಟುವ ‘ಡಿ’ ಪದರ ಕೆಳ ಆವರ್ತನದ ಅಲೆಗಳನ್ನು ನುಂಗಿಬಿಡುತ್ತದೆ. ಕತ್ತಲಾದಂತೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ದೂರದ ನೆಲಕ್ಕೆ ಮರಳುತ್ತವೆ. ಸೂರ್ಯ ಶಾಂತವಾಗಿರುವ ವರ್ಷಗಳು ಈ ಬ್ಯಾಂಡುಗಳಿಗೆ ಹೆಚ್ಚು ಅನುಕೂಲ. ಹಾಗಾಗಿ ತಂಡದ ಮೊದಲ ಕೆಲಸ ಸೂರ್ಯೋದಯ, ಸೂರ್ಯಾಸ್ತಗಳ ಲೆಕ್ಕ. ಯೂರೋಪಿಗೆ ಯಾವಾಗ, ಜಪಾನಿಗೆ ಯಾವಾಗ, ಭಾರತಕ್ಕೆ ಎಷ್ಟು ನಿಮಿಷ ಎಂಬುದು ಸಾಮಾನು ಕಟ್ಟುವ ಮೊದಲೇ ತೀರ್ಮಾನವಾಗಿರಬೇಕು.

ನಂತರದ್ದು ಆಂಟೆನಾ. 160 ಮೀಟರ್ ಅಲೆಯ ಕಾಲು ಭಾಗವೆಂದರೆ 40 ಮೀಟರ್, ಹದಿಮೂರು ಅಂತಸ್ತಿನ ಕಟ್ಟಡದಷ್ಟು ಎತ್ತರ. ಅಷ್ಟುದ್ದದ ಕಂಬವನ್ನು ಸಣ್ಣ ದೋಣಿಯಲ್ಲಿ ಸಾಗಿಸುವುದು ಕಷ್ಟ. ಆದ್ದರಿಂದ ಗಿಡ್ಡ ಕಂಬವೊಂದಕ್ಕೆ ತಂತಿಯ ಸುರುಳಿ ಸೇರಿಸಿ, ತುದಿಯಿಂದ ತಂತಿಗಳನ್ನು ಇಳಿಬಿಟ್ಟು, ವಿದ್ಯುತ್ತಿನ ಲೆಕ್ಕದಲ್ಲಿ ಅದನ್ನು ಎತ್ತರವಾಗಿಸುತ್ತಾರೆ. ಕಂಬದ ಬುಡದಿಂದ ಸುತ್ತಲೂ ‘ರೇಡಿಯಲ್’ ತಂತಿಗಳನ್ನು ಹರಡುತ್ತಾರೆ. ಕಂಬ ಸಮುದ್ರದಂಚಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವ ಉಪ್ಪುನೀರು ಅಲೆಯನ್ನು ದಿಗಂತದ ಮಟ್ಟದಲ್ಲಿ ದೂರಕ್ಕೆ ಕಳುಹಿಸಲು ನೆರವಾಗುತ್ತದೆ.

ಕಳುಹಿಸುವುದಕ್ಕಿಂತ ಕೇಳಿಸಿಕೊಳ್ಳುವುದು ಕಷ್ಟ. ಉಷ್ಣವಲಯದ ಗುಡುಗು-ಮಿಂಚುಗಳ ಸದ್ದು ರಾತ್ರಿಯಿಡೀ ಈ ಬ್ಯಾಂಡಿನಲ್ಲಿ ಕರಕರ ಎನ್ನುತ್ತಿರುತ್ತದೆ. ಇದಕ್ಕೆ ಮದ್ದು ನೂರು ವರ್ಷಕ್ಕೂ ಹಳೆಯದು. 1921ರಲ್ಲಿ ಅಮೆರಿಕದ ಪಾಲ್ ಗಾಡ್ಲಿ ಎಂಬ ಹ್ಯಾಮ್ ‘ಅಕ್ವಿಟೇನಿಯಾ’ ಹಡಗು ಹತ್ತಿ ಬ್ರಿಟನ್ನಿಗೆ ಹೊರಟರು. ತನ್ನ ದೇಶದ ಹವ್ಯಾಸಿಗಳ ಪ್ರಸಾರ ಅಟ್ಲಾಂಟಿಕ್ ದಾಟುತ್ತದೆಯೇ ಎಂದು ಪರೀಕ್ಷಿಸುವುದು ಅವರ ಉದ್ದೇಶ. ಅದೇ ಹಡಗಿನಲ್ಲಿ ಹೆರಾಲ್ಡ್ ಬೆವರೇಜ್ ಇದ್ದರು. ನೆಲಕ್ಕೆ ಸಮೀಪವಾಗಿ ನೇರ ಎಳೆದ ಉದ್ದನೆಯ ತಂತಿ ಒಂದೇ ದಿಕ್ಕಿಗೆ ಕಿವಿಗೊಡುತ್ತದೆ, ಉಳಿದ ಗದ್ದಲವನ್ನು ಬಿಟ್ಟುಬಿಡುತ್ತದೆ ಎಂದು ಕಂಡುಕೊಂಡವರು ಅವರೇ. ಡಿಸೆಂಬರಿನ ಚಳಿಯಲ್ಲಿ ಸ್ಕಾಟ್ಲೆಂಡಿನ ಆರ್ಡ್ರೋಸನ್‌ನಲ್ಲಿ ಗುಡಾರ ಹೂಡಿದ ಗಾಡ್ಲಿ ಸುಮಾರು 1,300 ಅಡಿ ತಂತಿ ಎಳೆದು, ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ಹವ್ಯಾಸಿ ಕೇಂದ್ರಗಳನ್ನು ಕೇಳಿದರು. ಇಂದಿಗೂ ಲೋ ಬ್ಯಾಂಡ್ ತಂಡಗಳ ಸಾಮಾನಿನಲ್ಲಿ ‘ಬೆವರೇಜ್’ಗಾಗಿ ತಂತಿಯ ಸುರುಳಿಗಳು ಇದ್ದೇ ಇರುತ್ತವೆ.

ಲೆಕ್ಕ, ತಂತಿ ಎರಡೂ ಸರಿಯಿದ್ದರೂ ದ್ವೀಪಕ್ಕೆ ಕಾಲಿಡಲು ಅಪ್ಪಣೆ ಬೇಕು. ಪಿಟ್‌ಕೈರ್ನ್ ದ್ವೀಪದಿಂದ ಪೂರ್ವಕ್ಕೆ 500 ಕಿಲೋಮೀಟರಿಗೂ ದೂರವಿರುವ ಡೂಸಿಯಲ್ಲಿ ಜನವಸತಿ ಇಲ್ಲ. ಆದರೆ ಮರ್ಫಿ ಪೆಟ್ರೆಲ್ ಎಂಬ ಕಡಲಹಕ್ಕಿಗಳಲ್ಲಿ ಬಹುಪಾಲು ಗೂಡುಕಟ್ಟುವುದು ಅಲ್ಲೇ. ಹಕ್ಕಿಗಳಿರುವ ಇಂಥ ಕಡೆ ತಂತಿ ಎಲ್ಲಿ ಹಾಯಬೇಕು ಎಂಬುದನ್ನು ಗೂಡುಗಳೂ ನಿರ್ಧರಿಸುತ್ತವೆ.

2008ರ ಫೆಬ್ರುವರಿಯಲ್ಲಿ, ಸೂರ್ಯ ಶಾಂತವಾಗಿದ್ದ ಕಾಲ ನೋಡಿ, ಹದಿಮೂರು ಮಂದಿಯ ತಂಡ ‘ಬ್ರೇವ್‌ಹಾರ್ಟ್’ ಹಡಗಿನಲ್ಲಿ ಡೂಸಿ ತಲುಪಿತು. ವಿಪಿ6ಡಿಎಕ್ಸ್ ಎಂಬ ಕಾಲ್‌ಸೈನ್‌ನಲ್ಲಿ, ಜನರೇಟರ್ ಬಲದ ಮೇಲೆ, ಎಲ್ಲ ಬ್ಯಾಂಡುಗಳೂ ಸೇರಿ ಎರಡು ವಾರಕ್ಕೂ ತುಸು ಹೆಚ್ಚು ಕಾಲದಲ್ಲಿ ಅವರು ಸಾಧಿಸಿದ ಸಂಪರ್ಕಗಳು 1,83,686. ಎಲ್ಲರಿಗೂ ಇಷ್ಟು ಸಲೀಸಾಗುವುದಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಹಿಮದ್ವೀಪ ಬೂವೆಗೆ 2018ರಲ್ಲಿ ಹೊರಟ ತಂಡ ಕೆಟ್ಟ ಹವೆ ಮತ್ತು ಎಂಜಿನ್ ತೊಂದರೆಯಿಂದಾಗಿ ದ್ವೀಪಕ್ಕೆ ಇಳಿಯದೆಯೇ ಹಿಂದಿರುಗಿತು. 2023ರ ತಂಡ ಅಬ್ಬರದ ಅಲೆಗಳ ನಡುವೆ ಸಾಮಾನು ಎಳೆದುಕೊಂಡು ದಡ ಸೇರಿದರೂ, ಅದಕ್ಕೆ ದಕ್ಕಿದ್ದು ಸುಮಾರು 19 ಸಾವಿರ ಸಂಪರ್ಕ.

ಹೀಗೆ ಹೊತ್ತೊಯ್ದ ಸಲಕರಣೆ ಕೆಲವೊಮ್ಮೆ ಬೇರೆಯೇ ಕೆಲಸಕ್ಕೆ ಒದಗುತ್ತದೆ. 2004ರ ಡಿಸೆಂಬರಿನಲ್ಲಿ ಭಾರತದ ಹ್ಯಾಮ್ ಭಾರತಿ ಪ್ರಸಾದ್ ನೇತೃತ್ವದ ತಂಡ ಪೋರ್ಟ್ ಬ್ಲೇರ್‌ನಿಂದ ಜಗತ್ತಿನ ಹ್ಯಾಮ್‌ಗಳಿಗೆ ಅಂಡಮಾನನ್ನು ಕೇಳಿಸುತ್ತಿತ್ತು. 26ರ ಬೆಳಿಗ್ಗೆ ಸುನಾಮಿ ಬಂತು. ಫೋನುಗಳು ಸತ್ತಾಗ ಅದೇ ರೇಡಿಯೊಗಳು ದ್ವೀಪದವರ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದವು.

ಡೂಸಿಯಂಥ ಕಡೆ ಪಾಳಿಯ ಪಟ್ಟಿ ಬರೆಯುವಾಗ ಭಾರತಕ್ಕೆ ಸಿಗುವುದು ಅಲ್ಲಿನ ನಸುಕಿಗೆ ಮೊದಲಿನ ಗಂಟೆ ಮಾತ್ರ. ಅಮೆರಿಕದ ಗಟ್ಟಿ ಸಂಕೇತಗಳು ಆಗಲೂ ಕರೆಯುತ್ತಲೇ ಇರುತ್ತವೆ. ಕೀ ಮುಂದೆ ಕುಳಿತವರು ಅವುಗಳನ್ನು ತಡೆದು, ‘ವಿಯು’ ಎಂದು ಶುರುವಾಗುವ ಭಾರತದ ಕಾಲ್‌ಸೈನ್‌ಗಳನ್ನಷ್ಟೇ ಕರೆದು, ಕರಕರದ ಅಡಿಯಲ್ಲಿ ಎಲ್ಲೋ ಸಣ್ಣಗೆ ಬರುವ ಚುಕ್ಕಿ-ಗೆರೆಗಳಿಗೆ ಕಿವಿಗೊಡಬೇಕು. ಪೂರ್ವದಲ್ಲಿ ಬೆಳಕು ಹರಿಯುವುದರೊಳಗೆ ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಒಂದೊಂದು ಕಾಲ್‌ಸೈನ್, ಸಂಕೇತ ಚೆನ್ನಾಗಿ ಕೇಳಿಸಿತು ಎನ್ನುವ ಒಂದೊಂದು ‘599’ ಹಾದುಹೋಗಬೇಕು.