ಬಂಧನ ಹಾಗೂ ನ್ಯಾಯಾಲಯದ ದಾಖಲೆಗಳನ್ನು ಪತ್ತೆ ಮಾಡುವ ವಿಧಾನ

ಗ್ರಾಮದ ವ್ಯಕ್ತಿಯೊಬ್ಬರನ್ನು ಪೊಲೀಸರು ಕರೆದೊಯ್ದರೆಂಬ ಸುದ್ದಿ ಬಂದಾಗ ಕುಟುಂಬದವರು ಬಹುಪಾಲು ಮೊದಲು ಬರುವುದು ವಾರ್ಡಿನ ಸದಸ್ಯರ ಮನೆಗೆ. ಯಾವ ಠಾಣೆ, ಯಾವ ಅಪರಾಧ, ಯಾವ ನ್ಯಾಯಾಲಯ ಎಂಬುದನ್ನು ತಿಳಿಯಲು ಮಧ್ಯವರ್ತಿಗಳಿಗೆ ಹಣ ತೆರಬೇಕಾಗಿಲ್ಲ. ಈ ಮಾಹಿತಿಯ ಹೆಚ್ಚಿನ ಭಾಗವನ್ನು ಕಾನೂನೇ ಸಾರ್ವಜನಿಕಗೊಳಿಸಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನ ಪ್ರಕಾರ, ಬಂಧಿತರ ಹೆಸರು, ವಿಳಾಸ ಹಾಗೂ ಅಪರಾಧದ ಸ್ವರೂಪವನ್ನು ಪ್ರತಿ ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಇದಕ್ಕಾಗಿ ಸಹಾಯಕ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯನ್ನು ಗೊತ್ತುಪಡಿಸಿರಬೇಕು. ಠಾಣೆಯಲ್ಲಿ ಆ ಅಧಿಕಾರಿ ಯಾರೆಂದು ಕೇಳುವುದೇ ಸರಿಯಾದ ಆರಂಭ. ಬಂಧನದ ವಿಷಯವನ್ನು ಸಂಬಂಧಿಕರಿಗೆ ಅಥವಾ ಬಂಧಿತರು ಸೂಚಿಸಿದವರಿಗೆ ತಿಳಿಸುವುದು 48ನೇ ಕಲಮಿನಂತೆ ಪೊಲೀಸರ ಕರ್ತವ್ಯ. ಪ್ರಯಾಣದ ಅವಧಿಯನ್ನು ಹೊರತುಪಡಿಸಿ 24 ಗಂಟೆಗಳೊಳಗೆ ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಭಿರಕ್ಷೆಯಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು, ಸಹಾಯವಾಣಿ 15100.

ಪ್ರಥಮ ವರ್ತಮಾನ ವರದಿಯನ್ನು 24 ಗಂಟೆಗಳೊಳಗೆ ಜಾಲತಾಣಕ್ಕೆ ಏರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ನಿರ್ದೇಶಿಸಿದೆ. ಸಂಪರ್ಕದ ತೊಂದರೆಯಿರುವ ಸ್ಥಳಗಳಿಗೆ ಗರಿಷ್ಠ 72 ಗಂಟೆ. ರಾಜ್ಯ ಪೊಲೀಸ್ ಜಾಲತಾಣದಲ್ಲಿ ಇವನ್ನು ಹುಡುಕಬಹುದು. ಲೈಂಗಿಕ ಅಪರಾಧ, ಪೋಕ್ಸೋ ಮುಂತಾದ ಸೂಕ್ಷ್ಮ ಪ್ರಕರಣಗಳು ಅಲ್ಲಿ ದೊರೆಯುವುದಿಲ್ಲ, ದೊರೆಯಲೂ ಬಾರದು. ಅಂಥ ಪ್ರಕರಣದ ಸಂತ್ರಸ್ತರ ಹೆಸರನ್ನು ಗ್ರಾಮದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದೇ ಶಿಕ್ಷಾರ್ಹ ಅಪರಾಧ.

ಪ್ರಕರಣವು ನ್ಯಾಯಾಲಯ ತಲುಪಿದ ಬಳಿಕ ಇ-ಕೋರ್ಟ್ಸ್ ಜಾಲತಾಣ ಅಥವಾ ಮೊಬೈಲ್ ಆ್ಯಪ್ ಸಾಕು. ಪ್ರತಿ ಪ್ರಕರಣಕ್ಕೂ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆಯಿರುತ್ತದೆ. ಅದು ಗೊತ್ತಿದ್ದರೆ ಮುಂದಿನ ದಿನಾಂಕ, ಪ್ರಕರಣದ ಹಂತ, ಹೊರಬಂದ ಆದೇಶ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತವೆ. ಗೊತ್ತಿಲ್ಲದಿದ್ದರೆ ಠಾಣೆ, ಎಫ್‌ಐಆರ್ ಸಂಖ್ಯೆ ಮತ್ತು ವರ್ಷ ನೀಡಿ ಹುಡುಕುವುದು ಉತ್ತಮ. ಪಕ್ಷಗಾರರ ಹೆಸರಿನಿಂದಲೂ ಹುಡುಕಬಹುದು, ಆದರೆ ಇಲ್ಲಿ ತಾಳ್ಮೆ ಬೇಕು. ‘ಬಸವರಾಜ’ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ‘ವಿ’ ಅಕ್ಷರದಿಂದಲೂ ‘ಡಬ್ಲ್ಯೂ’ ಅಕ್ಷರದಿಂದಲೂ, ಕೊನೆಯ ‘ಎ’ ಇದ್ದೂ ಇಲ್ಲದೆಯೂ ದಾಖಲಾಗಿರುತ್ತದೆ. ಹೆಸರಿನ ಮೊದಲ ಮೂರು ನಾಲ್ಕು ಅಕ್ಷರಗಳನ್ನಷ್ಟೇ ನಮೂದಿಸಿ, ವರ್ಷಗಳನ್ನು ಒಂದೊಂದಾಗಿ ಬದಲಿಸುವುದು ಲೇಸು. ಒಂದೇ ತಾಲ್ಲೂಕಿನಲ್ಲಿ ಅದೇ ಹೆಸರಿನವರು ಹತ್ತಾರು ಮಂದಿ ಇರುವುದರಿಂದ, ತಂದೆಯ ಹೆಸರು ಮತ್ತು ಗ್ರಾಮ ತಾಳೆಯಾಗದೆ ಯಾರನ್ನೂ ಆರೋಪಿಯೆಂದು ಹೇಳಬಾರದು. ತಾಳೆಯಾದರೂ ಬಂಧನವೆಂದರೆ ಶಿಕ್ಷೆಯಲ್ಲ. ‘ವಿಲೇವಾರಿ’ ಎಂಬ ನಮೂದು ಖುಲಾಸೆಯೂ ಆಗಿರಬಹುದು. ಆದೇಶವನ್ನು ತೆರೆದು ಓದಬೇಕು.

ಪಂಚಾಯಿತಿಗೆ ಇದರ ಇನ್ನೊಂದು ಉಪಯೋಗ, ನನ್ನ ದೃಷ್ಟಿಯಲ್ಲಿ ಹೆಚ್ಚಿನದು, ಸಿವಿಲ್ ದಾವೆಗಳಿಗೆ ಸಂಬಂಧಿಸಿದ್ದು. ನಿವೇಶನ ಅಥವಾ ರಸ್ತೆಯ ಕುರಿತ ದಾವೆಯಲ್ಲಿ ಪ್ರತಿವಾದಿಯ ಹೆಸರು ಅಧ್ಯಕ್ಷರು, ಕಾರ್ಯದರ್ಶಿ ಅಥವಾ ಪಿಡಿಒ ಎಂದು ಬೇರೆ ಬೇರೆ ರೀತಿಯಲ್ಲಿರಬಹುದು; ಎಲ್ಲ ರೂಪಗಳಲ್ಲಿಯೂ ತಿಂಗಳಿಗೊಮ್ಮೆ ಹುಡುಕುವುದು ಅಗತ್ಯ. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿಯಾಗಿ ಸಾರ್ವಜನಿಕ ಜಾಗ ಕೈತಪ್ಪಬಹುದು. ಅದನ್ನು ರದ್ದುಪಡಿಸಲು ಅರ್ಜಿ ಸಲ್ಲಿಸುವ ಕಾಲಮಿತಿ ಡಿಕ್ರಿಯ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ.

ಜಾಲತಾಣದ ಮುದ್ರಿತ ಪ್ರತಿಯು ಮಾಹಿತಿಗೆ ಮಾತ್ರ. ಖಾತೆ ಬದಲಾವಣೆಯಂತಹ ಕ್ರಮಕ್ಕೆ ಮುನ್ನ ಸಂಬಂಧಪಟ್ಟ ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಸಲ್ಲಿಸಿ ದೃಢೀಕೃತ ನಕಲು ಪಡೆಯತಕ್ಕದ್ದು.