ಹಳೆಯ ಒಲೆಗೆ ಹೊಸ ಉಸಿರು: ಮನೆಯವರೇ ಮಾಡಿಕೊಳ್ಳಬಹುದಾದ ದುರಸ್ತಿ



ಹೊಲದ ಬದು ಕುಸಿದರೆ ಮಳೆ ಬರುವುದರೊಳಗೆ ಅದನ್ನು ಕಟ್ಟುತ್ತೀರಿ. ಸೂರು ಸೋರಿದರೆ ಹಂಚು ಕೈಯಾಡಿಸುತ್ತೀರಿ. ಆದರೆ ಮನೆಯೊಳಗೆ ಉರಿಯುವ ಒಲೆ ಬಿರುಕುಬಿಟ್ಟು ಹೊಗೆ ಕಾರುತ್ತಿದ್ದರೆ, ಅದು ಒಲೆಯ ಸ್ವಭಾವ ಎಂದು ಸುಮ್ಮನಾಗುತ್ತೀರಿ. ಇದು ತಪ್ಪು ತಿಳಿವಳಿಕೆ. ಹೊಗೆ ಒಲೆಯ ಸ್ವಭಾವವಲ್ಲ, ಒಲೆಯ ದೋಷ. ಆ ದೋಷವನ್ನು ಹೆಚ್ಚು ಖರ್ಚಿಲ್ಲದೆ ನಿಮ್ಮ ಕೈಯಿಂದಲೇ ತಿದ್ದಬಹುದು.

ಗ್ಯಾಸ್ ಬಂದ ಮೇಲೆ ಒಲೆಯ ಮಾತೇಕೆ ಎಂದು ನೀವು ಕೇಳಬಹುದು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅನೇಕ ಮನೆಗಳಿಗೆ ಸಿಲಿಂಡರ್ ಬಂದಿರುವುದು ನಿಜ. ಗ್ಯಾಸ್ ಇರುವವರು ದಿನದ ಅಡುಗೆಯನ್ನು ಅದರಲ್ಲಿಯೇ ಮಾಡುವುದು ಉತ್ತಮ. ಆದರೂ ಸ್ನಾನದ ನೀರು ಕಾಯಿಸಲು, ಹುರುಳಿ ಬೇಯಿಸಲು, ದೊಡ್ಡ ಪಾತ್ರೆಯಲ್ಲಿ ಮುದ್ದೆ ತೊಳಸಲು ಸೌದೆ ಒಲೆ ಹಚ್ಚುವ ಮನೆಗಳು ಇನ್ನೂ ಬಹಳ ಇವೆ. ಹಚ್ಚುವುದಾದರೆ ಸರಿಯಾದ ಒಲೆಯನ್ನೇ ಹಚ್ಚೋಣ.

ಹೊಗೆಯಿಂದ ಆಗುವ ಕೇಡು

ಹೊಗೆ ಕಣ್ಣುರಿಸುವುದು ಮಾತ್ರವಲ್ಲ. ವರ್ಷಗಟ್ಟಲೆ ಅದನ್ನು ಕುಡಿದವರಿಗೆ ದಮ್ಮು, ಶ್ವಾಸಕೋಶದ ರೋಗ, ಹೃದ್ರೋಗ ಬರುತ್ತವೆ. ಒಲೆಯ ಬಳಿ ತಾಯಿಯ ಮಡಿಲಲ್ಲಿ ಕುಳಿತ ಕೂಸಿಗೆ ನ್ಯುಮೋನಿಯಾ ಬರುವ ಭಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಇಂಥ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಈ ಕೇಡು ಮೊದಲು ಮುಟ್ಟುವುದು ಒಲೆಯ ಮುಂದೆ ಕುಳಿತವರನ್ನು.

ಒಲೆ ಏಕೆ ಹೊಗೆಯಾಡುತ್ತದೆ?

ಬೆಂಕಿಗೂ ಉಸಿರು ಬೇಕು. ಕೆಳಗಿನಿಂದ ಗಾಳಿ ಸಿಕ್ಕಿದರೆ ಸೌದೆ ಚೆನ್ನಾಗಿ ಉರಿಯುತ್ತದೆ, ಸಿಗದಿದ್ದರೆ ಹೊಗೆಯಾಡುತ್ತದೆ. ನಾವು ಊದುಗೊಳವೆ ಹಿಡಿದು ಊದುವುದು ಈ ಕೊರತೆಯನ್ನು ನೀಗಲೆಂದೇ. ಬಿಸಿ ಗಾಳಿ ಹಗುರವಾದ್ದರಿಂದ ಮೇಲಕ್ಕೆ ಏರುತ್ತದೆ. ಅದಕ್ಕೆ ಚಿಮಣಿಯ ದಾರಿ ಇದ್ದರೆ ಹೊಗೆಯನ್ನು ಹೊತ್ತು ಹೊರಗೆ ಹೋಗುತ್ತದೆ, ಹೋಗುತ್ತ ಹೊಸ ಗಾಳಿಯನ್ನು ಒಲೆಯೊಳಕ್ಕೆ ಎಳೆದುಕೊಳ್ಳುತ್ತದೆ. ಕೆಳಗೆ ಗಾಳಿಯ ದಾರಿ, ಮೇಲೆ ಹೊಗೆಯ ದಾರಿ: ದುರಸ್ತಿಯ ಗುಟ್ಟು ಇಷ್ಟೇ.

ಈ ತತ್ವದ ಮೇಲೆ 1950ರ ದಶಕದಲ್ಲಿಯೇ ಹೈದರಾಬಾದಿನಲ್ಲಿ ಹೊಗೆಯಿಲ್ಲದ ಒಲೆ ರೂಪುಗೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು 1980ರ ದಶಕದಲ್ಲಿ ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯನ್ನು ಹಳ್ಳಿಗಳಿಗೆ ತಂದರು. 1983ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸುಧಾರಿತ ಒಲೆಯ ಕಾರ್ಯಕ್ರಮ ಕೈಗೊಂಡಿತು. ಹೀಗೆ ಹಾಕಿದ ಒಲೆಗಳಲ್ಲಿ ಬಹಳಷ್ಟು ಕೆಲವು ವರ್ಷಗಳಲ್ಲೇ ಮೂಲೆ ಸೇರಿದವು. ಒಲೆಯ ಕಣ್ಣು ಮನೆಯ ಪಾತ್ರೆಗೆ ಹೊಂದುತ್ತಿರಲಿಲ್ಲ, ಚಿಮಣಿ ಕಟ್ಟಿಕೊಂಡಾಗ ತೆಗೆಯುವವರಿರಲಿಲ್ಲ, ಬಿರುಕನ್ನು ಹೇಗೆ ಮುಚ್ಚಬೇಕೆಂದು ಹೇಳಿಕೊಟ್ಟವರೂ ಕಡಿಮೆ. ಆದ್ದರಿಂದ ದುರಸ್ತಿಗೆ ಕೈಹಾಕುವ ಮೊದಲು ಅಡುಗೆ ಮಾಡುವವರನ್ನು ಕೇಳಿರಿ: ಯಾವ ಪಾತ್ರೆ ಇಡುತ್ತಾರೆ, ರೊಟ್ಟಿಯ ಹಂಚು ಎಷ್ಟು ಅಗಲ, ಯಾವ ಸೌದೆ ಒಟ್ಟುತ್ತಾರೆ? ಅವರ ಉತ್ತರವೇ ನಿಮ್ಮ ಅಳತೆಗೋಲು.

ಮೊದಲು ಪರೀಕ್ಷೆ

ಒಲೆ ಪೂರ್ತಿ ತಣ್ಣಗಿರುವಾಗ ಬೂದಿಯನ್ನೆಲ್ಲ ತೆಗೆಯಿರಿ. ಬಿರುಕು, ಸಡಿಲವಾದ ಇಟ್ಟಿಗೆ, ಸವೆದ ಅಂಚುಗಳನ್ನು ಸುಣ್ಣದಿಂದ ಗುರುತಿಸಿರಿ. ಚಿಮಣಿ ಇದ್ದರೆ ಒಣಗಿದ ತೆಂಗಿನ ಗರಿಯ ಚಿಕ್ಕ ತುಂಡನ್ನು ಒಳಗೆ ಉರಿಸಿ ಅದನ್ನು ಬೆಚ್ಚಗೆ ಮಾಡಿ, ಆಮೇಲೆ ಹೊತ್ತಿಸಿದ ಊದಿನಕಡ್ಡಿಯನ್ನು ಒಲೆಯ ಬಾಯಿಗೆ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ದಾರಿ ತೆರೆದಿದೆ. ಹೊರಕ್ಕೆ ಬಂದರೆ ಮಸಿಯೋ ಹಕ್ಕಿಗೂಡೋ ಕಟ್ಟಿಕೊಂಡಿದೆ ಎಂದು ತಿಳಿಯಿರಿ.

ಮಣ್ಣು ಹದಮಾಡುವುದು

ಕೆರೆಯ ಜೇಡಿಮಣ್ಣು ಅಥವಾ ಹುತ್ತದ ಮಣ್ಣನ್ನು ಪುಡಿಮಾಡಿ ಜರಡಿ ಹಿಡಿಯಿರಿ. ಸಣ್ಣಗೆ ಕತ್ತರಿಸಿದ ಹುಲ್ಲು ಅಥವಾ ಹೊಟ್ಟು, ಸ್ವಲ್ಪ ಸಗಣಿ ಬೆರೆಸಿ ಒಂದು ರಾತ್ರಿ ನೆನೆಸಿ, ಮರುದಿನ ಚೆನ್ನಾಗಿ ತುಳಿಯಿರಿ. ಒಂದು ಸಣ್ಣ ಉಂಡೆ ಕಟ್ಟಿ ನೆರಳಿನಲ್ಲಿ ಒಣಗಿಸಿ ನೋಡಿರಿ. ಉಂಡೆ ಸೀಳಿದರೆ ಮರಳನ್ನೋ ಹೊಟ್ಟನ್ನೋ ಸೇರಿಸಿರಿ. ಉದುರಿದರೆ ಜೇಡಿಮಣ್ಣು ಸೇರಿಸಿರಿ. ಬೆಂಕಿ ತಾಗುವ ಕಡೆ ಸಿಮೆಂಟು ಬೇಡ; ಕಾವಿಗೆ ಅದು ಒಡೆಯುತ್ತದೆ.

ಕೆಲಸದ ಕ್ರಮ

1. ಬಿರುಕಿನ ಮೇಲೆ ಸುಮ್ಮನೆ ಮಣ್ಣು ಸವರಬೇಡಿರಿ. ಕುಡುಗೋಲಿನ ತುದಿಯಿಂದ ಕೆರೆದು ಅಗಲ ಮಾಡಿ, ಮಸಿ ತೆಗೆದು, ನೀರು ಚಿಮುಕಿಸಿ, ಆಮೇಲೆ ಗಟ್ಟಿ ಮಣ್ಣನ್ನು ಒತ್ತಿ ತುಂಬಿರಿ.

2. ಉರಿಯ ಜಾಗದಲ್ಲಿ ಕಬ್ಬಿಣದ ಸರಳುಗಳನ್ನು ಅರ್ಧ ಅಂಗುಲ ಸಂದು ಬಿಟ್ಟು ಸಾಲಾಗಿ ಕೂರಿಸಿರಿ. ಅದರ ಕೆಳಗೆ ಬೂದಿ ಬೀಳಲು ಗುಳಿ, ಗುಳಿಗೆ ಮುಂಭಾಗದಿಂದ ಗಾಳಿಕಂಡಿ ಇರಲಿ. ಸರಳಿನಿಂದ ಪಾತ್ರೆಯ ತಳಕ್ಕೆ ಸುಮಾರು ಆರು ಅಂಗುಲ ಎತ್ತರ ಸಾಕು.

3. ಒಲೆಯ ಕಣ್ಣನ್ನು ನಿಮ್ಮ ಪಾತ್ರೆಯನ್ನೇ ಇಟ್ಟು ತಿರುಗಿಸಿ ರೂಪಿಸಿರಿ. ಸಂದಿಯಲ್ಲಿ ಹೊಗೆ ನುಸುಳಬಾರದು. ಮುದ್ದೆ ತೊಳಸುವ ಕಡೆ ಅಂಚಿಗೆ ಸುಟ್ಟ ಇಟ್ಟಿಗೆ ಕೊಡಿರಿ. ತೊಳಸುವ ಬಲಕ್ಕೆ ಬರಿ ಮಣ್ಣು ನಿಲ್ಲದು.

4. ದೊಡ್ಡ ಕಣ್ಣಿನಿಂದ ಕೋಡೊಲೆಗೆ, ಅಲ್ಲಿಂದ ಚಿಮಣಿಗೆ ದಾರಿ ಸ್ವಲ್ಪ ಏರುತ್ತ ಹೋಗಲಿ. ಕೋಡೊಲೆಯ ಮೇಲೆ ಪಾತ್ರೆ ಇಲ್ಲದಾಗ ಮುಚ್ಚಲು ಚಪ್ಪಟೆ ಕಲ್ಲು ಇಟ್ಟುಕೊಳ್ಳಿರಿ.

5. ಚಿಮಣಿಯ ಒಳ ಅಳತೆ ನಾಲ್ಕು ಅಂಗುಲವಿರಲಿ. ಸುಟ್ಟ ಮಣ್ಣಿನ ಕೊಳವೆಯಾಗಲಿ ಇಟ್ಟಿಗೆಯಾಗಲಿ ಆಗುತ್ತದೆ. ತುದಿ ಚಾವಣಿಯಿಂದ ಎರಡು ಮೂರು ಅಡಿ ಮೇಲಿರಲಿ. ಮಳೆ ತಡೆಯಲು ಟೋಪಿ ಹಾಕಿರಿ, ಹೊಗೆಗೆ ಸಂದು ಬಿಡಿರಿ.

6. ನೆರಳಿನಲ್ಲಿ ಹತ್ತು ಹದಿನೈದು ದಿನ ಒಣಗಲು ಬಿಡಿರಿ. ಅವಸರಪಟ್ಟು ದೊಡ್ಡ ಉರಿ ಹಾಕಿದರೆ ಮಾಡಿದ ಕೆಲಸವೆಲ್ಲ ಸೀಳುತ್ತದೆ. ಮೊದಲ ಎರಡು ಮೂರು ದಿನ ಪುಳ್ಳೆಯ ಸಣ್ಣ ಉರಿ ಸಾಕು.

ಎಚ್ಚರಿಕೆಗಳು

ಸೋಗೆ ಅಥವಾ ಹುಲ್ಲಿನ ಮನೆಯಲ್ಲಿ ಚಿಮಣಿಯನ್ನು ಚಾವಣಿಯ ನಡುವೆ ತೂರಿಸಬೇಡಿರಿ. ಗೋಡೆಯಿಂದ ಹೊರಗೆ ತಂದು, ಸೂರಿನಿಂದ ಸಾಕಷ್ಟು ದೂರದಲ್ಲಿ ಮೇಲೇರಿಸಿರಿ. ಮರದ ತೊಲೆಗೂ ಅದು ತಾಗಬಾರದು.

ಹಿಂದೆ ಹಾಕಿದ ಚಿಮಣಿಗಳಲ್ಲಿ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆಗಳುಂಟು. ಅದನ್ನು ಒಡೆಯಬೇಡಿರಿ, ಗರಗಸದಿಂದ ಕೊಯ್ಯಬೇಡಿರಿ. ಅದರ ಧೂಳು ಎದೆಗೆ ಸೇರಿದರೆ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ತೆಗೆಯಲೇಬೇಕಾದರೆ ನೀರು ಹಾಕಿ ತೋಯಿಸಿ, ಇಡಿಯಾಗಿ ಇಳಿಸಿರಿ.

ಬಚ್ಚಲುಮನೆಯ ಹಂಡೆ ಒಲೆಗೂ ಇದೇ ದುರಸ್ತಿ ಆಗುತ್ತದೆ. ಆದರೆ ಕೆಂಡವಿರುವಾಗ ಬಾಗಿಲು ಕಿಟಕಿ ಮುಚ್ಚಿ ಸ್ನಾನಕ್ಕೆ ಕೂರಬೇಡಿರಿ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅರಿವಿಗೆ ಬರುವ ಮೊದಲೇ ಪ್ರಾಣ ತೆಗೆಯುತ್ತದೆ.

ಒಲೆಯ ಹಿಂದಿನ ಗೋಡೆಯೇ ವಾಲಿದ್ದರೆ ಅದು ಮನೆಯವರ ಕೆಲಸವಲ್ಲ. ಗಾರೆಯವರನ್ನು ಕರೆಸಿರಿ.

ಪಾಲನೆ

ದುರಸ್ತಿ ಒಂದು ದಿನದ್ದು, ಪಾಲನೆ ವರ್ಷವೆಲ್ಲ. ಬೂದಿಯನ್ನು ದಿನವೂ ತೆಗೆದು, ಆರಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿರಿ. ಅದರಲ್ಲಿ ಪೊಟ್ಯಾಷ್ ಇದೆ. ಹಗ್ಗಕ್ಕೆ ಕಲ್ಲು ಕಟ್ಟಿ, ಅದರ ಮೇಲೆ ತೆಂಗಿನ ನಾರಿನ ಉಂಡೆ ಬಿಗಿದು, ತಿಂಗಳಿಗೊಮ್ಮೆ ಚಿಮಣಿಯ ತುದಿಯಿಂದ ಇಳಿಬಿಟ್ಟು ಮಸಿ ಕೆಡವಿರಿ. ಆಗ ಒಲೆಯ ಕಣ್ಣಿಗೆ ಒದ್ದೆ ಗೋಣಿ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಈ ಕೆಲಸವನ್ನು ಅಡುಗೆ ಮಾಡುವವರ ತಲೆಗೆ ಕಟ್ಟದೆ, ಚಾವಣಿ ಹತ್ತಬಲ್ಲ ಗಂಡಸರು ವಹಿಸಿಕೊಳ್ಳುವುದು ನ್ಯಾಯ. ಸೌದೆಯನ್ನು ಸೀಳಿ, ಮಳೆಗಾಲಕ್ಕೆ ಮೊದಲೇ ಒಣಗಿಸಿ ಒಟ್ಟಿಡಿರಿ. ಹಸಿ ಸೌದೆ ಹಾಕಿದರೆ ಎಂಥ ಒಲೆಯೂ ಹೊಗೆಯಾಡುತ್ತದೆ.

ಇಷ್ಟು ಮಾಡಿದರೂ ಹೊಗೆ ಪೂರ್ತಿ ಇಲ್ಲವಾಗುವುದಿಲ್ಲ. ಆದರೆ ಬಹುಪಾಲು ಮನೆಯಿಂದ ಹೊರಗೆ ಹೋಗುತ್ತದೆ, ಸೌದೆಯೂ ಉಳಿಯುತ್ತದೆ. ಸುಗ್ಗಿ ಮುಗಿದು ಮಳೆ ಬರುವ ಮುಂಚೆ ಮಣ್ಣು ಬೇಗ ಒಣಗುವ ಕಾಲವೇ ಇದಕ್ಕೆ ತಕ್ಕ ಸಮಯ. ಈ ಬೇಸಿಗೆಯಲ್ಲಿ ನಾಲ್ಕು ದಿನವನ್ನು ಒಲೆಗೆ ಕೊಡಿರಿ. ಅನ್ನ ಬೇಯಿಸುವ ಕೈಗಳಿಗೆ ಸಲ್ಲಬೇಕಾದ ಗೌರವ ಅದು.